ಎಲ್ಲ ತಪ್ಪೂ ಬೋರ್ ನೀರಿನದಲ್ಲ

ಕಲಬುರಗಿಯಲ್ಲಿ ಯಾರ ಕೂದಲು ಉದುರಿದರೂ ಮೊದಲು ಬೈಸಿಕೊಳ್ಳುವುದು ನೀರು. "ಬೋರ್ ನೀರು ರೀ, ಭಾಳ ಸವಳು, ಅದಕ್ಕೇ ಹಿಂಗಾಗ್ಯಾವ" ಅಂತಾರೆ. ನಾನು ಫಾರ್ಮಸಿ ಓದಿ ನಮ್ಮ ಮನೆಯ ಮೆಡಿಕಲ್ ಅಂಗಡಿಯಲ್ಲೇ ಕೂರುವವಳು. ಕೌಂಟರಿನಲ್ಲಿ ಹೆಣ್ಣುಮಗಳಿದ್ದಾಳೆ ಅಂತ ನೋಡಿ ಹೆಂಗಸರು ಹತ್ತಿರ ಬಂದು, ದನಿ ಇಳಿಸಿ ಮಾತಾಡುತ್ತಾರೆ. ಬಿಪಿ ಗುಳಿಗೆ, ಗ್ಯಾಸಿನ ಗುಳಿಗೆ ಜೋರಾಗಿ ಕೇಳುವವರೂ ಕೂದಲಿನ ವಿಷಯ ಬಂದಾಗ ಮೆಲ್ಲಗೆ ಕೇಳುತ್ತಾರೆ. ಬಾಚಣಿಗೆಯಿಂದ ತೆಗೆದ ಕೂದಲನ್ನು ಉಂಡೆ ಮಾಡಿ, ಕಾಗದದಲ್ಲಿ ಸುತ್ತಿ ತಂದು ತೋರಿಸಿದವರೂ ಇದ್ದಾರೆ. ಈ ಬರಹ ಅವರಿಗಾಗಿ. ಹಿಂದೆ ನಾಲ್ಕು ಜನ ಚೀಟಿ ಹಿಡಿದು ಕಾಯುತ್ತಿರುವಾಗ ಪೂರ್ತಿ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ನೀರಿನಿಂದಲೇ ಶುರು ಮಾಡೋಣ. ನಮ್ಮ ಊರಿಗೆ ಭೀಮಾ ಮತ್ತು ಬೆಣ್ಣೆತೊರಾದ ನೀರು ಬರುತ್ತದೆ. ಆದರೆ ನಳ ಬರದ ದಿನ ಬೋರ್ ನೀರೇ ಗತಿ. ಎಷ್ಟೋ ಬಡಾವಣೆಗಳಲ್ಲಿ ದಿನವೂ ಅದೇ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಬಕೆಟ್ಟಿನ ಅಂಚಿಗೆ, ಗೀಸರಿನ ಕಾಯಿಲಿಗೆ ಕೂರುವ ಬಿಳಿ ಪದರ ಅದೇ. ಇಂಥ ನೀರಲ್ಲಿ ಸಾಬೂನು ನೊರೆ ಬಿಡುವುದಿಲ್ಲ. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ಇಷ್ಟು ನಿಜ. ಆದರೆ ಕೂದಲು ಹುಟ್ಟುವ ಜಾಗ ಚರ್ಮದ ಒಳಗಿದೆ. ತಲೆ ಮೇಲೆ ಸುರಿದುಕೊಂಡ ನೀರು ಅಲ್ಲಿಗೆ ಇಳಿದು ಬೇರು ಸಡಿಲ ಮಾಡುವುದಿಲ್ಲ. ಅದೇ ಮನೆಯಲ್ಲಿ, ಅದೇ ನೀರಲ್ಲಿ ತಲೆ ತೊಳೆಯುವ ಅತ್ತೆಯ ತುರುಬು ದಪ್ಪಗಿರುತ್ತದೆ, ಸೊಸೆಯ ಬೈತಲೆ ಅಗಲ ಆಗುತ್ತಿರುತ್ತದೆ. ನೀರೇ ಕಾರಣ ಆಗಿದ್ದರೆ ಇಬ್ಬರಿಗೂ ಆಗಬೇಕಿತ್ತು, ಅಲ್ವಾ?

ತುಂಡಾಗಿದೆಯೋ, ಬುಡದಿಂದ ಉದುರಿದೆಯೋ ಅಂತ ನೀವೇ ನೋಡಬಹುದು. ಬಿದ್ದ ಕೂದಲನ್ನು ಬೆಳಕಿಗೆ ಹಿಡಿಯಿರಿ. ಗಿಡ್ಡ ಇದ್ದು, ಎರಡೂ ತುದಿ ಒಂದೇ ಥರ ಇದ್ದರೆ ಅದು ನಡುವೆ ಮುರಿದದ್ದು. ಗಡಸು ನೀರು, ಬಣ್ಣ, ಸ್ಟ್ರೈಟನಿಂಗ್ ಯಂತ್ರದ ಬಿಸಿ, ಒದ್ದೆ ಕೂದಲನ್ನು ಎಳೆದೆಳೆದು ಬಾಚುವುದು, ಇವೆಲ್ಲ ಮಾಡುವ ಹಾನಿ ಅದು. ಉದ್ದ ಪೂರ್ತಿ ಇದ್ದು, ಒಂದು ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆ ಇದ್ದರೆ ಬುಡದಿಂದ ಬಂದದ್ದು. ಆ ಬಿಳಿ ಚುಕ್ಕೆ ನೋಡಿ "ಬೇರೇ ಕಿತ್ತು ಬಂತು, ಇನ್ನು ಅಲ್ಲಿ ಬರಲ್ಲ" ಅಂತ ಅತ್ತವರನ್ನು ನಾನು ಕಂಡಿದ್ದೇನೆ. ಹಾಗೇನಿಲ್ಲ. ಆಯಸ್ಸು ಮುಗಿದ ಕೂದಲಿನ ತುದಿ ಇರುವುದೇ ಹಾಗೆ. ಬೇರಿನ ಗುಣಿ ಚರ್ಮದ ಒಳಗೇ ಉಳಿದಿರುತ್ತದೆ. ಅಲ್ಲಿಂದ ಹೊಸದು ಹುಟ್ಟುತ್ತದೆ.

ಪ್ರತಿ ಕೂದಲಿಗೂ ಒಂದು ಸರದಿ ಇದೆ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆಮೇಲೆ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ಸುಮ್ನೆ ಅಲ್ಲೇ ನಿಂತಿರುತ್ತದೆ. ಕೊನೆಗೆ ಬಿದ್ದುಹೋಗುತ್ತದೆ. ತಲೆಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಕೂದಲಿರುತ್ತವೆ. ಅವುಗಳಲ್ಲಿ ನೂರಕ್ಕೆ 85-90 ಬೆಳೆಯುತ್ತಿರುತ್ತವೆ, ಉಳಿದವು ಹೋಗುವ ಸರದಿಯಲ್ಲಿರುತ್ತವೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಬೀಳುವುದು ಆರೋಗ್ಯವಂತರಿಗೂ ಇದ್ದದ್ದೇ. ವಾರಕ್ಕೊಮ್ಮೆ ತಲೆ ತೊಳೆಯುವವರಿಗೆ ಆ ದಿನ ಒಟ್ಟಿಗೆ ಕಾಣಿಸಿಕೊಂಡು ಗಾಬರಿಯಾಗುತ್ತದೆ. ದಿನಾ ಕೂತು ಎಣಿಸಬೇಡಿ. ಮೊದಲಿಗಿಂತ ಈಗ ಜಾಸ್ತಿಯೇ, ಹೆರಳು ತೆಳ್ಳಗಾಗಿದೆಯೇ, ರಬ್ಬರ್ ಬ್ಯಾಂಡನ್ನು ಒಂದು ಸುತ್ತು ಜಾಸ್ತಿ ಸುತ್ತಬೇಕಾಗಿದೆಯೇ ಅಂತ ನೋಡಿದರೆ ಸಾಕು.

ಆ ಮೂರು ತಿಂಗಳ ಲೆಕ್ಕವನ್ನೇ ನಾನು ಎಲ್ಲರಿಗೂ ಹೇಳುತ್ತೇನೆ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ, ಬೆಳೆಯುತ್ತಿದ್ದ ಕೂದಲಲ್ಲಿ ಎಷ್ಟೋ ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಆದರೆ ಅವು ಅಂದೇ ಬೀಳುವುದಿಲ್ಲ. ಎರಡು ಮೂರು ತಿಂಗಳ ನಂತರ ಬೀಳುತ್ತವೆ. ಅಷ್ಟರಲ್ಲಿ ನಾವು ಜ್ವರ ಮರೆತಿರುತ್ತೇವೆ. ಮಳೆಗಾಲದಲ್ಲಿ ಡೆಂಗಿಯೋ ಟೈಫಾಯ್ಡೋ ಬಂದು ಹೋದವರು ದೀಪಾವಳಿ ಹೊತ್ತಿಗೆ ನಮ್ಮ ಅಂಗಡಿಗೆ ಬಂದು, "ಹೊಸ ಶಾಂಪೂ ತಂದಿದ್ವಿ, ಅದರಿಂದಲೇ ಆತು" ಅನ್ನುತ್ತಾರೆ. ಕೊರೊನಾದ ಎರಡನೇ ಅಲೆ 2021ರ ಏಪ್ರಿಲ್-ಮೇನಲ್ಲಿ ಬಂತು. ಜುಲೈ-ಆಗಸ್ಟ್ ಬಂದಾಗ ಕೂದಲಿನ ಗುಳಿಗೆ ಕೇಳಿಕೊಂಡು ಬಂದವರ ಸಾಲು ನನಗೆ ಇನ್ನೂ ನೆನಪಿದೆ. ಉಳಿದುಕೊಂಡೆವಲ್ಲ ಅಂತ ಸಮಾಧಾನ ಪಡುವ ಹೊತ್ತಿಗೆ ತಲೆ ಬರಿದಾಗುತ್ತಿದೆ ಎಂಬ ಹೆದರಿಕೆ ಅವರಿಗೆ. ಅವರಲ್ಲಿ ಬಹಳ ಜನರಿಗೆ ಕೂದಲು ತಾನಾಗಿಯೇ ವಾಪಸ್ ಬಂತು. ಇದಕ್ಕೆ ವೈದ್ಯರು ಟೀಲೋಜೆನ್ ಎಫ್ಲುವಿಯಂ ಅನ್ನುತ್ತಾರೆ. ಕಾರಣ ದೂರವಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ. ಉದ್ದ ಮತ್ತೆ ಬರಲು ಮಾತ್ರ ಇನ್ನೂ ಕಾಯಬೇಕು, ತಿಂಗಳಿಗೆ ಒಂದೇ ಸೆಂಟಿಮೀಟರ್ ಅಲ್ವಾ.

ಬಾಣಂತಿಯರದ್ದೂ ಇದೇ ಲೆಕ್ಕ. ಬಸಿರಲ್ಲಿ ಹಾರ್ಮೋನು ಹೆಚ್ಚಿರುವುದರಿಂದ ಬೀಳಬೇಕಾದ ಕೂದಲೂ ಬೀಳದೆ ನಿಂತಿರುತ್ತದೆ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ಅಷ್ಟೂ ಒಟ್ಟಿಗೆ ಉದುರುತ್ತದೆ. "ಕೂಸು ನಗಲಿಕ್ಕೆ ಹತ್ತಿದ್ರ ತಾಯಿ ಕೂದ್ಲ ಉದುರ್ತಾವ" ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಕೂಸು ಜೋರಾಗಿ ನಗಲು ಶುರು ಮಾಡುವುದೂ ಸುಮಾರು ಅದೇ ತಿಂಗಳಲ್ಲೇ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಹೋಗದಿದ್ದರೆ ರಕ್ತ ಕಡಿಮೆ ಇದೆಯೇ, ಥೈರಾಯ್ಡ್ ಏರುಪೇರಾಗಿದೆಯೇ ನೋಡಿಸಬೇಕು. ಹೆರಿಗೆಯ ನಂತರ ಥೈರಾಯ್ಡ್ ಕೆಡುವುದು ಅಪರೂಪವೇನಲ್ಲ. ಬಾಣಂತಿ ಸುಸ್ತು ಅಂದುಕೊಂಡು ಮನೆಯವರು ಅದನ್ನು ಬಿಟ್ಟುಬಿಡುತ್ತಾರೆ. ನನಗೆ ನೋವಾಗುವುದು ಇಲ್ಲೇ.

ದೊಡ್ಡ ಆಪರೇಷನ್ನು, ಮನೆಯಲ್ಲಿ ಸಾವು, ಮದುವೆಗೆ ಮೊದಲು ಊಟ ಬಿಟ್ಟು ಎರಡೇ ತಿಂಗಳಲ್ಲಿ ತೂಕ ಇಳಿಸಿದ್ದು, ಇವೂ ಅದೇ ಸಾಲಿಗೆ ಸೇರುತ್ತವೆ. ಆದ್ದರಿಂದ ಕೂದಲು ಜಾಸ್ತಿ ಉದುರಲು ಶುರುವಾದರೆ ಈ ವಾರ ಏನು ಬದಲಾಯಿತು ಅಂತ ಹುಡುಕಬೇಡಿ. ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿ, ಮೂರು ತಿಂಗಳ ಹಿಂದೆ ಏನಾಗಿತ್ತು ನೋಡಿ.

ಮೂರು ತಿಂಗಳು ಕಾಯದೆ ದಿನಗಳಲ್ಲೇ ಉದುರಿದರೆ ಅದು ಬೇರೆ ಮಾತು. ನಮ್ಮೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಇದೆ, ಕೀಮೋಥೆರಪಿ ತಗೊಳ್ಳುವವರಿಗೆ ಇದು ಗೊತ್ತು. ಔಷಧ ಶುರುವಾದ ಎರಡು ಮೂರು ವಾರಕ್ಕೇ ಕೂದಲು ಹೋಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಬಹುತೇಕ ವಾಪಸ್ ಬರುತ್ತದೆ. ಇನ್ನೊಂದು ನೆನಪಿರಬಹುದು. 2024ರ ಕೊನೆಗೆ, 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಕಡೆಯ ಹಳ್ಳಿಗಳಲ್ಲಿ ಜನ ಕೆಲವೇ ದಿನಗಳಲ್ಲಿ ಬೋಳಾಗಿಬಿಟ್ಟರು. ಅಲ್ಲೂ ಮೊದಲು ನೀರಿನ ಮೇಲೇ ಅನುಮಾನ ಬಂತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ತಂಡ ಹೋಯಿತು. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಜನರ ರಕ್ತ, ಮೂತ್ರ, ಕೂದಲು ಮತ್ತು ರೇಷನ್ ಗೋಧಿ ಪರೀಕ್ಷೆ ಮಾಡಿಸಿ, ಸೆಲೇನಿಯಂ ಜಾಸ್ತಿ ಇದೆ ಎಂದು ವರದಿ ಮಾಡಿದರು. ಸೆಲೇನಿಯಂ ನಮ್ಮ ಮೈಗೆ ಬೇಕಾದ ಪೋಷಕಾಂಶವೇ. ಬೇಕಾದದ್ದು ತೀರಾ ಸ್ವಲ್ಪ, ಅತಿಯಾದರೆ ಕೂದಲನ್ನೇ ಉದುರಿಸುತ್ತದೆ. ವಿಟಮಿನ್ ಎ ಕೂಡ ಹಾಗೇ.

ಇದನ್ನು ಹೇಳುವುದಕ್ಕೆ ಕಾರಣ ಇದೆ. ಕೂದಲಿಗೆಂದು ಮಾರುವ ಎಷ್ಟೋ ಗುಳಿಗೆಗಳಲ್ಲಿ ಬಯೋಟಿನ್ ಎಂಬ ಬಿ ವಿಟಮಿನ್ ಜೊತೆ ಸೆಲೇನಿಯಂ, ವಿಟಮಿನ್ ಎ ಕೂಡ ಇರುತ್ತವೆ. ಒಬ್ಬ ಅಕ್ಕ ಜಾಹೀರಾತು ನೋಡಿ ಮೂರು ಕಂಪನಿಯ ಗುಳಿಗೆ ಒಟ್ಟಿಗೆ ತಗೊಳ್ಳುತ್ತಿದ್ದರು. ಬೇಗ ಬರಲಿ ಎಂದು. ಡಬ್ಬಿಗಳ ಹಿಂದಿನ ಸಣ್ಣ ಅಕ್ಷರ ಕೂಡಿಸಿ ನೋಡಿದರೆ ಒಂದೇ ಪದಾರ್ಥ ಮೂರು ಪಾಲು. ನಾನೇ ಅಂಗಡಿಯಲ್ಲಿ ಇವುಗಳನ್ನು ಇಟ್ಟುಕೊಂಡವಳು, ಆದರೂ ಹೇಳುತ್ತೇನೆ. ಬಯೋಟಿನ್ ಕೊರತೆ ಸಾಮಾನ್ಯ ಊಟ ಮಾಡುವವರಲ್ಲಿ ಬಹಳ ಅಪರೂಪ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಇನ್ನೂ ಒಂದು ತೊಂದರೆ ಇದೆ. ಬಯೋಟಿನ್ ರಕ್ತ ಪರೀಕ್ಷೆಗಳನ್ನು ತಪ್ಪಾಗಿ ತೋರಿಸಬಲ್ಲದು. ಥೈರಾಯ್ಡ್ ರಿಪೋರ್ಟ್ ಏರುಪೇರಾಗಿ ಕಾಣುತ್ತದೆ, ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ದಾರಿ ತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ರಕ್ತ ಕೊಡುವ ಮೊದಲು ಬಯೋಟಿನ್ ತಗೊಳ್ಳುತ್ತಿದ್ದೇನೆ ಎಂದು ಡಾಕ್ಟರಿಗೆ ಹೇಳಿ. ಕೆಲವು ದಿನ ನಿಲ್ಲಿಸಲು ಅವರೇ ಹೇಳುತ್ತಾರೆ.

ಕೊರತೆಯ ಮಾತು ಬಂದರೆ ನಮ್ಮ ಭಾಗದ ಹೆಂಗಸರಲ್ಲಿ ಮೊದಲು ನೋಡಬೇಕಾದದ್ದು ಕಬ್ಬಿಣಾಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದನ್ನು ನಮ್ಮ ಹೆಂಗಸರು ಕಾಯಿಲೆ ಅಂತಲೇ ಎಣಿಸುವುದಿಲ್ಲ. ಎಲ್ಲರದ್ದೂ ಆದ ಮೇಲೆ ಉಳಿದದ್ದು ಉಣ್ಣುತ್ತಾರೆ. ರೊಟ್ಟಿ ತಿಂದ ತಕ್ಷಣ ಚಹಾ ಕುಡಿಯುತ್ತಾರೆ. ಚಹಾ ಊಟದ ಕಬ್ಬಿಣಾಂಶ ಮೈಗೆ ಸೇರಲು ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರ ಇರಲಿ. ಬೇಳೆ, ಸೊಪ್ಪಿನ ಮೇಲೆ ನಿಂಬೆ ಹಿಂಡಿದರೆ ಒಳ್ಳೆಯದಾಗುತ್ತದೆ. ಹಿಮೋಗ್ಲೋಬಿನ್ ಸರಿ ಇದ್ದರೂ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಖಾಲಿ ಆಗಿರಬಹುದು. ಅದನ್ನು ತೋರಿಸುವುದು ಫೆರಿಟಿನ್ ಎಂಬ ಬೇರೆ ಪರೀಕ್ಷೆ. "ಎಚ್‌ಬಿ 12 ಐತಿ, ಏನೂ ಇಲ್ಲ" ಅಂತ ಅಲ್ಲಿಗೇ ನಿಲ್ಲಿಸುವವರು ಇದನ್ನು ಡಾಕ್ಟರ ಬಳಿ ಕೇಳಬೇಕು. ಹಾಗಂತ ಪರೀಕ್ಷೆ ಇಲ್ಲದೆ ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ನುಂಗುವುದೂ ಸರಿಯಲ್ಲ, ಅದು ಜಾಸ್ತಿಯಾದರೂ ಕೆಟ್ಟದ್ದೇ. ಗಂಡಸರಿಗೆ, ಮುಟ್ಟು ನಿಂತವರಿಗೆ ಕಬ್ಬಿಣಾಂಶ ಕಡಿಮೆ ಬಂದರೆ ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಲೇಬೇಕು.

ಥೈರಾಯ್ಡ್ ಕಡಿಮೆಯಾದರೂ ಜಾಸ್ತಿಯಾದರೂ ಕೂದಲು ತೆಳ್ಳಗಾಗುತ್ತದೆ. ಮುಟ್ಟು ಹಿಂದೆ ಮುಂದೆ, ಮುಖದಲ್ಲಿ ಮೊಡವೆ, ಗದ್ದದ ಮೇಲೆ ಕೂದಲು, ನೆತ್ತಿಯಲ್ಲಿ ಮಾತ್ರ ಕಡಿಮೆ, ಹೀಗಿದ್ದರೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯೇ ನೋಡಬೇಕು. ಬೇರೆ ಕಾಯಿಲೆಗೆ ತಗೊಳ್ಳುವ ಕೆಲವು ಗುಳಿಗೆಗಳೂ ಉದುರಿಸುತ್ತವೆ. ಮೂರ್ಛೆ ರೋಗಕ್ಕೆ ಕೊಡುವ ವ್ಯಾಲ್ಪ್ರೊಯೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ, ಬಿಪಿಗೆ ಕೊಡುವ ಕೆಲವು. ಕೂದಲಿಗೆ ಹೆದರಿ ಇವನ್ನು ನೀವೇ ನಿಲ್ಲಿಸಬೇಡಿ. ಮೂರ್ಛೆ ಗುಳಿಗೆ ಒಮ್ಮೆಲೇ ನಿಲ್ಲಿಸುವುದು ಜೀವಕ್ಕೇ ಅಪಾಯ.

ಈಗ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಗಂಡಸರಿಗೆ ಹಣೆಯ ಎರಡು ಬದಿಯಿಂದ ಹಿಂದಕ್ಕೆ ಸರಿಯುವುದು, ನೆತ್ತಿ ಕಾಣುವುದು. ಹೆಂಗಸರಿಗೆ ಮುಂದಿನ ಸಾಲು ಹಾಗೇ ಇದ್ದು ಬೈತಲೆ ಅಗಲವಾಗುವುದು. ಇದು ವಂಶದಿಂದ ಬರುವಂಥದ್ದು. ತಾಯಿ ಕಡೆಯಿಂದ ಮಾತ್ರ ಬರುತ್ತದೆ ಎಂಬ ಮಾತಿದೆ, ಆದರೆ ತಂದೆ ಕಡೆಯಿಂದಲೂ ಬರುತ್ತದೆ. ಡಿಎಚ್‌ಟಿ ಎಂಬ ಹಾರ್ಮೋನಿಗೆ ಕೆಲವರ ಕೂದಲ ಬೇರು ಬೇಗ ಸೋಲುತ್ತದೆ. ಪ್ರತಿ ಸರದಿಯಲ್ಲೂ ಮೊದಲಿಗಿಂತ ಸಣ್ಣ, ಗಿಡ್ಡ ಕೂದಲು ಹುಟ್ಟಿ, ಕೊನೆಗೆ ಬರೀ ನವಿರು ಉಳಿಯುತ್ತದೆ. ಇಲ್ಲಿ ಕೈತುಂಬ ಉದುರುವುದೇ ಬೇಕಿಲ್ಲ. ಎಷ್ಟೋ ಜನರಿಗೆ ಹಳೆಯ ಫೋಟೋ ನೋಡಿದಾಗಲೇ ಗೊತ್ತಾಗುವುದು.

ಹತ್ತೊಂಬತ್ತು ಇಪ್ಪತ್ತರ ಹುಡುಗರು ಟೋಪಿ ಹಾಕಿಕೊಂಡು ಬಂದು ಇದರ ಬಗ್ಗೆ ಕೇಳುವಾಗ ಅವರ ಮುಖ ನೋಡಬೇಕು. ಕನ್ಯೆ ನೋಡಲು ಹೋದಲ್ಲಿ ಯಾರೋ ಏನೋ ಅಂದಿರುತ್ತಾರೆ. ಗೆಳೆಯರು ಅಡ್ಡಹೆಸರು ಇಟ್ಟಿರುತ್ತಾರೆ. ಇದು ಸಣ್ಣ ವಿಷಯ, ಬಿಡು ಅನ್ನುವವರಿಗೆ ಆ ನೋವು ಗೊತ್ತಿಲ್ಲ. ಅದಕ್ಕೆ ನಿಜವಾದ ಔಷಧ ಇವೆ. ಮೊದಲು ರಕ್ತದೊತ್ತಡಕ್ಕೆಂದು ಬಂದ ಮಿನಾಕ್ಸಿಡಿಲ್ ಈಗ ತಲೆಗೆ ಹಚ್ಚುವ ದ್ರವವಾಗಿ ಸಿಗುತ್ತದೆ. ಹಚ್ಚಲು ಶುರು ಮಾಡಿದ ಮೊದಲ ವಾರಗಳಲ್ಲಿ ಉದುರುವುದು ಜಾಸ್ತಿಯಾಗಬಹುದು. ಇದನ್ನು ಯಾರೂ ಹೇಳದ ಕಾರಣ ಹುಡುಗರು ಹೆದರಿ ಬಾಟಲಿ ಬಿಸಾಕುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಬಸುರಿಯರು ಹಚ್ಚಬಾರದು. ಫಿನಾಸ್ಟರೈಡ್ 1 ಮಿಲಿಗ್ರಾಂ ಗುಳಿಗೆಗೆ ಅಮೆರಿಕದಲ್ಲಿ 1997ರಲ್ಲಿ ಗಂಡಸರ ಬೋಳಿಗೆಂದು ಅನುಮತಿ ಸಿಕ್ಕಿತು. ಕೆಲಸ ಮಾಡುತ್ತದೆ. ಆದರೆ ಸ್ವಲ್ಪ ಜನರಿಗೆ ಲೈಂಗಿಕ ತೊಂದರೆ, ಮನಸ್ಸು ಕುಗ್ಗುವುದು ಆಗಬಹುದು. ಒಡೆದ ಗುಳಿಗೆಯನ್ನು ಬಸುರಿಯರು ಕೈಯಲ್ಲೂ ಮುಟ್ಟಬಾರದು. ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ಮಾಡುವ ಪಿಎಸ್‌ಎ ಎಂಬ ರಕ್ತ ಪರೀಕ್ಷೆಯ ಅಂಕಿಯನ್ನು ಇದು ಅರ್ಧಕ್ಕೆ ಇಳಿಸುತ್ತದೆ. ಗೆಳೆಯನ ಚೀಟಿ ತೋರಿಸಿ ಇದನ್ನು ಕೇಳಿದರೆ ನಾನು ಕೊಡುವುದಿಲ್ಲ, ಎಷ್ಟು ಸಿಟ್ಟಾದರೂ ಸರಿ.

ಬಿಲ್ಲೆಯಾಕಾರದಲ್ಲಿ ಕೂದಲು ಹೋದರೆ ನಮ್ಮ ಕಡೆ "ಹುಳ ತಿಂದಾವ" ಅನ್ನುತ್ತಾರೆ. ಯಾವ ಹುಳವೂ ಇರುವುದಿಲ್ಲ. ಅದು ಹೆಚ್ಚಾಗಿ ಅಲೋಪೇಶಿಯಾ ಏರಿಯಾಟಾ. ನಮ್ಮದೇ ರೋಗನಿರೋಧಕ ಶಕ್ತಿ ಕೂದಲ ಬೇರಿನ ಮೇಲೆ ತಿರುಗಿಬೀಳುತ್ತದೆ. ಚರ್ಮ ನುಣ್ಣಗಿರುತ್ತದೆ, ತುರಿಕೆ ಇರುವುದಿಲ್ಲ, ಹೊಟ್ಟು ಇರುವುದಿಲ್ಲ. ಗಡ್ಡದಲ್ಲಿ, ಹುಬ್ಬಲ್ಲಿಯೂ ಬರಬಹುದು. ಕೆಲವರ ಉಗುರಿನ ಮೇಲೆ ಸಣ್ಣ ಸಣ್ಣ ಗುಳಿ ಕಾಣುತ್ತವೆ. ಅಂಟುರೋಗ ಅಲ್ಲವೇ ಅಲ್ಲ, ಜೊತೆಗೆ ಕೂತು ಉಂಡರೆ ಬರುವುದಿಲ್ಲ. ಒಂದೆರಡು ಬಿಲ್ಲೆ ಇದ್ದರೆ ಎಷ್ಟೋ ಸಲ ತಾನೇ ತುಂಬುತ್ತದೆ. ಆ ಜಾಗಕ್ಕೆ ಡಾಕ್ಟರು ಸ್ಟಿರಾಯ್ಡ್ ಸೂಜಿ ಕೊಟ್ಟರೆ ಬೇಗ ತುಂಬಬಹುದು. ತಲೆಯೆಲ್ಲ ಹೋದವರಿಗೂ ಈಗ ದಾರಿ ತೆರೆದಿದೆ. ಬ್ಯಾರಿಸಿಟಿನಿಬ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2022ರಲ್ಲಿ ಇದೇ ಕಾಯಿಲೆಗೆಂದು ಅನುಮತಿ ಸಿಕ್ಕಿತು. ಅದನ್ನು ತಜ್ಞರ ಕಣ್ಣಳತೆಯಲ್ಲೇ ತಗೊಳ್ಳಬೇಕು. ನಮ್ಮಲ್ಲಿ ಮಾಡುವುದು ಬೆಳ್ಳುಳ್ಳಿ ತಿಕ್ಕುವುದು. ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ. ಬೊಬ್ಬೆ ಎದ್ದು, ಕೀವಾಗಿ, ಆಮೇಲೆ ಮುಲಾಮು ಕೇಳಲು ಬರುತ್ತಾರೆ. ಚಿಕ್ಕ ಮಕ್ಕಳಿಗೂ ಹೀಗೆ ಮಾಡಿರುತ್ತಾರೆ. ದಯವಿಟ್ಟು ಮಾಡಬೇಡಿ.

ಮಕ್ಕಳ ತಲೆಯಲ್ಲಿ ಬಿಲ್ಲೆಯ ಜೊತೆ ಹೊಟ್ಟು, ತುರಿಕೆ, ಬುಡದಲ್ಲೇ ಮುರಿದ ಕಪ್ಪು ಚುಕ್ಕೆಗಳಿದ್ದರೆ ಅದು ಗಜಕರ್ಣದ ಜಾತಿಯ ಫಂಗಸ್ ಇರಬಹುದು. ಇದು ಅಂಟುತ್ತದೆ. ಬಾಚಣಿಗೆ, ಟೋಪಿ, ಟವೆಲ್ ಹಂಚಿಕೊಂಡರೆ ಮನೆಯ ಇನ್ನೊಂದು ಮಗುವಿಗೂ ಬರುತ್ತದೆ. ಇದಕ್ಕೆ ಮೇಲೆ ಹಚ್ಚುವ ಕ್ರೀಮು ಸಾಲದು. ಕೂದಲ ಒಳಗೇ ಫಂಗಸ್ ಇರುವುದರಿಂದ ವಾರಗಟ್ಟಲೆ ಬಾಯಿಂದ ಔಷಧ ತಗೊಳ್ಳಬೇಕು. ಸ್ಟಿರಾಯ್ಡ್ ಬೆರೆಸಿದ ಅಗ್ಗದ ಕ್ರೀಮುಗಳಿಂದ ಮೊದಲು ಕೆಂಪು ಇಳಿದಂತೆ ಕಾಣುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಬಾತು, ಕೀವು ತುಂಬಿ ಗಡ್ಡೆಯಾದರೆ ಅಲ್ಲಿ ಕಲೆ ಉಳಿದು ಕೂದಲು ಬಾರದೆ ಹೋಗಬಹುದು. ಮೇಲ್ನೋಟಕ್ಕೆ ಎರಡೂ ಬಿಲ್ಲೆಯೇ. ಒಂದಕ್ಕೆ ಸ್ಟಿರಾಯ್ಡ್ ಔಷಧ, ಇನ್ನೊಂದಕ್ಕೆ ಅದೇ ಸ್ಟಿರಾಯ್ಡ್ ವಿಷ. ಕೌಂಟರಿನ ಮೇಲಿಂದ ನೋಡಿ ಇದನ್ನು ತೀರ್ಮಾನ ಮಾಡಲು ಆಗುವುದಿಲ್ಲ.

ಎಳೆತದಿಂದಲೂ ಹೋಗುತ್ತದೆ. ಶಾಲೆಯ ಹುಡುಗಿಯರಿಗೆ ಎಣ್ಣೆ ಹಚ್ಚಿ, ಕಣ್ಣು ಮೇಲಕ್ಕೆ ಎಳೆಯುವಷ್ಟು ಬಿಗಿಯಾಗಿ ಎರಡು ಹೆರಳು ಹಾಕುತ್ತೇವೆ. ತಾಂಡಾಗಳಲ್ಲಿ ಹಿರಿಯ ಲಂಬಾಣಿ ಹೆಂಗಸರು ಕಪೋಲದ ಪಕ್ಕದ ಕೂದಲಿಗೆ ಘುಗ್ರಿ, ಟೋಪ್ಲಿ ಎಂಬ ಆಭರಣ ಕಟ್ಟುತ್ತಾರೆ, ನೋಡಲು ಎಷ್ಟು ಚಂದ. ಬೀದರಿನ ನಾನಕ್ ಝಿರಾ ಗುರುದ್ವಾರಕ್ಕೆ ಬರುವ ಸಿಖ್ಖರು ಕೂದಲನ್ನು ಬಿಗಿದು ಗಂಟು ಹಾಕಿ ಮೇಲೆ ಪೇಟ ಸುತ್ತುತ್ತಾರೆ. ಇವನ್ನೆಲ್ಲ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಲೂಬಾರದು. ಆದರೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಎಳೆತ ಬಿದ್ದರೆ ಅಂಚಿನ ಕೂದಲು ಹೋಗುತ್ತದೆ. ಗಂಟು ಸ್ವಲ್ಪ ಸಡಿಲ ಮಾಡಿ, ಬೈತಲೆಯ ಜಾಗ ಬದಲಿಸಿ, ರಾತ್ರಿ ಬಿಚ್ಚಿ ಮಲಗಿ. ಕಟ್ಟಿದಾಗ ನೋವಾದರೆ ಬಿಗಿ ಜಾಸ್ತಿಯಾಗಿದೆ ಎಂದೇ ಅರ್ಥ. ಬೇಗ ಸಡಿಲಿಸಿದರೆ ವಾಪಸ್ ಬರುತ್ತದೆ, ತಡವಾದರೆ ಬರುವುದಿಲ್ಲ.

ಬಾರದೇ ಹೋಗುವ ಈ ಜಾತಿಯ ಬಗ್ಗೆಯೇ ನನಗೆ ಹೆಚ್ಚು ಭಯ. ಲೈಕೆನ್ ಪ್ಲ್ಯಾನೊಪೈಲಾರಿಸ್, ಡಿಸ್ಕಾಯ್ಡ್ ಲೂಪಸ್ ಥರದ ಕೆಲವು ಕಾಯಿಲೆಗಳು ಬೇರಿನ ಗುಣಿಯನ್ನೇ ಕೊಲ್ಲುತ್ತವೆ. ಹೊಲದ ಮೇಲೆ ಶಹಾಬಾದ ಫರಸಿ ಹಾಸಿದ ಮೇಲೆ ಎಂಥ ಮಳೆ ಬಂದರೂ ಏನೂ ಹುಟ್ಟುವುದಿಲ್ಲವಲ್ಲ, ಹಾಗೆ. ಎಷ್ಟು ಜಾಗ ಹೋಯಿತೋ ಅದು ಹೋಯಿತು, ಉಳಿದದ್ದನ್ನು ಮಾತ್ರ ಔಷಧದಿಂದ ಕಾಯಬಹುದು. ಉರಿ, ನೋವು, ಕೂದಲ ಬುಡದಲ್ಲಿ ಕೆಂಪು, ಕೀವು, ನುಣ್ಣಗೆ ಹೊಳೆಯುವ ಚರ್ಮ, ಅಲ್ಲಿ ಕೂದಲು ಹುಟ್ಟುವ ಸಣ್ಣ ರಂಧ್ರಗಳೇ ಕಾಣದಿರುವುದು, ಇವು ಗುರುತು. ಇಂಥವರು ಎಣ್ಣೆ ಬದಲಾಯಿಸುತ್ತಾ ಒಂದು ವರ್ಷ ಕಳೆದರೆ ಆ ವರ್ಷವನ್ನು ಯಾರೂ ಹಿಂದಕ್ಕೆ ಕೊಡಲಾರರು. ಅವರು ಆ ವಾರವೇ ಹೋಗಬೇಕು. ಉದುರುವುದು ಆರು ತಿಂಗಳು ದಾಟಿದರೆ, ಬಿಲ್ಲೆ ಬಿದ್ದರೆ, ಮಗುವಿನ ತಲೆಯಾದರೆ, ಕೂದಲಿನ ಜೊತೆ ಸುಸ್ತು, ತೂಕದ ಏರುಪೇರು, ಮುಟ್ಟಿನ ತೊಂದರೆ ಇದ್ದರೆ ಕೂಡ ಕಾಯಬೇಡಿ.

ಹೋಗುವುದು ಯಾರ ಹತ್ತಿರ? ಚರ್ಮರೋಗ ತಜ್ಞರ ಹತ್ತಿರ. ಕೂದಲು ಮತ್ತು ಉಗುರು ಕೂಡ ಅವರ ವಿಷಯವೇ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಎಂಬಿಬಿಎಸ್ ಆದ ಮೇಲೆ ಡಿವಿಎಲ್‌ನಲ್ಲಿ, ಅಂದರೆ ಚರ್ಮ, ಲೈಂಗಿಕ ಮತ್ತು ಕುಷ್ಠ ರೋಗಗಳ ವಿಭಾಗದಲ್ಲಿ, ಎಂಡಿ ಅಥವಾ ಡಿಪ್ಲೊಮಾ ಮಾಡಿದವರು. ಬೋರ್ಡಿನ ಮೇಲೆ ಬರೀ ಟ್ರೈಕಾಲಜಿಸ್ಟ್ (ಕೂದಲ ತಜ್ಞ) ಎಂದಿದ್ದರೆ ಅವರು ವೈದ್ಯರೇ ಆಗಿರಬೇಕೆಂದಿಲ್ಲ, ಓದಿದ್ದೇನು ಎಂದು ಕೇಳಿ. ಕೇಳಲು ಸಂಕೋಚ ಬೇಡ. ನಮ್ಮ ಭಾಗದಲ್ಲಿ ಈಗ ಮೊದಲಿನ ಹಾಗೆ ಸೊಲ್ಲಾಪುರ, ಹೈದರಾಬಾದಿಗೆ ಓಡಬೇಕಿಲ್ಲ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಹೊರರೋಗಿ ಚೀಟಿ ಮಾಡಿಸಿ ಚರ್ಮ ವಿಭಾಗ ಕೇಳಬಹುದು. ಕಲಬುರಗಿಯಲ್ಲಿ ಖಾಸಗಿ ಕಾಲೇಜು ಆಸ್ಪತ್ರೆಗಳೂ ಇವೆ.

ನನ್ನ ಹತ್ತಿರದ ಸಂಬಂಧಿ ಹುಡುಗಿಯೊಬ್ಬಳು ಜಾಹೀರಾತು ನೋಡಿ ಒಂದು ಹೇರ್ ಕ್ಲಿನಿಕ್ಕಿಗೆ ಹೋದಳು. ಕುರ್ಚಿಯಲ್ಲಿ ಕೂರಿಸಿದರು, ಕ್ಯಾಮೆರಾದಲ್ಲಿ ತಲೆ ದೊಡ್ಡದಾಗಿ ತೋರಿಸಿದರು, ಕಂತಿನಲ್ಲಿ ಕಟ್ಟುವ ಪ್ಯಾಕೇಜ್ ಹೇಳಿದರು. ಮುಟ್ಟು ಸರಿ ಇದೆಯೇ ಎಂದು ಯಾರೂ ಕೇಳಲಿಲ್ಲ. ರಕ್ತ ಪರೀಕ್ಷೆ ಬರೆಯಲಿಲ್ಲ. ಆಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವಳ ಫೆರಿಟಿನ್ ತೀರಾ ಕೆಳಗಿತ್ತು, ಥೈರಾಯ್ಡೂ ಕೆಟ್ಟಿತ್ತು. ಆ ಪ್ಯಾಕೇಜಿಗೆ ಕಟ್ಟಿದ್ದು ಅವಳ ಅಪ್ಪ ತೊಗರಿ ಮಾರಿದ ದುಡ್ಡು. ನನಗೆ ಇಂದಿಗೂ ಸಿಟ್ಟು ಬರುತ್ತದೆ. ಕೂದಲು ಕಸಿಯ ವಿಷಯದಲ್ಲೂ ಹುಷಾರಾಗಿರಿ. ಅದನ್ನು ತರಬೇತಿ ಪಡೆದ, ನೋಂದಾಯಿತ ವೈದ್ಯರೇ ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ತಲೆಯ ಮೇಲೆ ಕೈ ಇಡುವವರು ಯಾರು, ಅವರ ನೋಂದಣಿ ಸಂಖ್ಯೆ ಏನು ಎಂದು ಕೇಳುವ ಹಕ್ಕು ನಿಮಗಿದೆ.

ಒಳ್ಳೆಯ ತಜ್ಞರು ಮೊದಲು ಮಾಡುವ ಕೆಲಸ ಕೇಳುವುದು. ಯಾವಾಗಿನಿಂದ, ಮೂರು ತಿಂಗಳ ಹಿಂದೆ ಏನಾಗಿತ್ತು, ಮನೆಯಲ್ಲಿ ಯಾರಿಗಿದೆ, ಏನು ಉಣ್ಣುತ್ತೀರಿ, ಯಾವ ಗುಳಿಗೆ ತಗೊಳ್ಳುತ್ತೀರಿ. ಆಮೇಲೆ ತಲೆ ಪೂರ್ತಿ ನೋಡುತ್ತಾರೆ, ಹುಬ್ಬು, ಉಗುರು ಕೂಡ. 50-60 ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ಕೈಗೆ ಬಂದರೆ ಉದುರುವುದು ಜೋರಾಗಿದೆ ಎಂದು ಲೆಕ್ಕ. ಡರ್ಮೋಸ್ಕೋಪ್ ಎಂಬ ದೀಪದ ಮಸೂರ ಇಟ್ಟು ನೋಡಿದರೆ ಕೂದಲು ಸಣ್ಣಗಾಗುತ್ತಿವೆಯೇ, ಮುರಿದಿವೆಯೇ, ರಂಧ್ರ ಮುಚ್ಚಿವೆಯೇ ಎಲ್ಲ ಕಾಣುತ್ತದೆ, ನೋವಿಲ್ಲ. ಬೇಕಾದಷ್ಟು ರಕ್ತ ಪರೀಕ್ಷೆ ಬರೆಯುತ್ತಾರೆ. ಗುಣಿ ಸಾಯುವ ಕಾಯಿಲೆಯ ಅನುಮಾನ ಇದ್ದರೆ ಮಾತ್ರ ಮರಗಟ್ಟಿಸಿ, ಸುಮಾರು 4 ಮಿಲಿಮೀಟರಿನ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕೆಲವು ಸಲ ಎರಡು ಕಾರಣ ಒಟ್ಟಿಗೆ ಇರುತ್ತವೆ. ವಂಶದ್ದು ನಿಧಾನಕ್ಕೆ ನಡೆದೇ ಇರುತ್ತದೆ, ನಡುವೆ ಡೆಂಗಿ ಬಂದು ಎಲ್ಲವೂ ಒಮ್ಮೆಲೇ ಕಾಣಿಸುತ್ತದೆ. ಇದನ್ನು ಬಿಡಿಸಿ ನೋಡಲು ಕಲಿತ ಕಣ್ಣೇ ಬೇಕು.

ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಎಣ್ಣೆಯಲ್ಲಿ ಏನೂ ಕಾಣುವುದಿಲ್ಲ. ಅವತ್ತೇ ತಲೆ ತೊಳೆಯಲೂ ಬೇಡಿ, ಬೀಳುವ ಕೂದಲು ನೀರಲ್ಲೇ ಹೋಗಿರುತ್ತದೆ. ಬೋಳಾದ ಜಾಗ ಮುಚ್ಚುವ ಪುಡಿ, ಬಣ್ಣ ಹಾಕಿಕೊಂಡು ಹೋಗಬೇಡಿ. ತಗೊಳ್ಳುತ್ತಿರುವ ಎಲ್ಲ ಗುಳಿಗೆಯ ಖಾಲಿ ಸ್ಟ್ರಿಪ್‌ಗಳನ್ನು ಒಂದು ಕವರಿನಲ್ಲಿ ಹಾಕಿಕೊಳ್ಳಿ, ಆಯುರ್ವೇದದ್ದು, ಮನೆಯಲ್ಲಿ ಮಾಡಿದ್ದು ಕೂಡ. ಹಳೆಯ ರಿಪೋರ್ಟು, ಎರಡು ವರ್ಷ ಹಿಂದಿನ ಒಂದು ಫೋಟೋ ಇದ್ದರೆ ತುಂಬ ಅನುಕೂಲ. ಬುರ್ಖಾ, ಸೆರಗು ತೆಗೆಯಲು ಮುಜುಗರವಾದರೆ ಮಹಿಳಾ ವೈದ್ಯರು ಇರುವ ದಿನ ಕೇಳಿಕೊಂಡು ಹೋಗಿ, ತಪ್ಪೇನಿಲ್ಲ. ಚಿಂಚೋಳಿಯ ಕಾಡಂಚಿನ ಊರುಗಳಿಂದ, ಸುರಪುರದ ಹಳ್ಳಿಗಳಿಂದ ಕೂಲಿ ಬಿಟ್ಟು ಬರುವುದು ಕಷ್ಟ ಅಂತ ನನಗೆ ಗೊತ್ತು. ಅಂಥವರಿಗೆ ಸರ್ಕಾರದ ಇ-ಸಂಜೀವಿನಿ ಇದೆ, ಮೊಬೈಲಿನಲ್ಲೇ ವೈದ್ಯರ ಜೊತೆ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಹಗಲು ಬೆಳಕಲ್ಲಿ ತಲೆಯ ಮೇಲಿನಿಂದ, ಎರಡು ಬದಿಯಿಂದ ಸ್ಪಷ್ಟ ಫೋಟೋ ತೆಗೆದಿಟ್ಟುಕೊಳ್ಳಿ. ನೇರವಾಗಿ ಬಂದೇ ತೋರಿಸಬೇಕು ಎಂದು ಅವರು ಹೇಳಿದರೆ ಆಗ ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ. ಬರುವಾಗ ಈ ಫೋಟೋಗಳೂ ಜೊತೆಗಿರಲಿ.